ಒಂದೇ ಸೀಸೆ, ಊರಿಗೊಂದು ದರ: ನ್ಯುಮೋಕಾಕಲ್ ಲಸಿಕೆಯ ಬೆಲೆ ಪ್ರಕರಣ

2016ರಲ್ಲಿ ಗ್ರೀಸ್‌ನಲ್ಲಿ ನಿರಾಶ್ರಿತರ ಮಕ್ಕಳಿಗೆ ಲಸಿಕೆ ಹಾಕಲು ಹೊರಟ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ ನ್ಯುಮೋನಿಯಾ ತಡೆಯುವ ಲಸಿಕೆ ಬೇಕಾಗಿತ್ತು. ಬೇರೆ ದಾರಿ ಕಾಣದೆ ಅದು ಅಲ್ಲಿನ ಔಷಧ ಅಂಗಡಿಗಳಲ್ಲೇ ಕೊಂಡಿತು. ಒಂದು ಡೋಸ್‌ಗೆ 60 ಯೂರೋ. ಅದೇ ವರ್ಷ ಅದೇ ಫೈಜರ್ ಕಂಪನಿಯ ಅದೇ ಲಸಿಕೆ ಆಫ್ರಿಕದ ಬಡ ದೇಶಗಳ ಲಸಿಕಾ ಕಾರ್ಯಕ್ರಮಗಳಿಗೆ ಸುಮಾರು 3.30 ಡಾಲರ್‌ಗೆ ಹೋಗುತ್ತಿತ್ತು. ಅಮೆರಿಕದ ಕೇಂದ್ರ ಸರ್ಕಾರ ತನ್ನ ಮಕ್ಕಳಿಗಾಗಿ ಅದಕ್ಕೇ ನೂರು ಡಾಲರ್‌ಗೂ ಹೆಚ್ಚು ಕೊಡುತ್ತಿತ್ತು.

ಲಸಿಕೆ ಒಂದೇ, ಶಿಶುವಿನ ತೊಡೆಗೆ ಹಾಕುವ ಅರ್ಧ ಮಿಲಿಲೀಟರ್ ದ್ರವವೂ ಒಂದೇ. ಬೆಲೆಯಲ್ಲಿ ಮಾತ್ರ ಮೂವತ್ತು ಪಟ್ಟು ಅಂತರ. ಸೀಸೆಯೊಳಗೆ ಏನಿದೆ ಎಂದು ನೋಡಿದರೆ ಈ ಅಂತರಕ್ಕೆ ಕಾರಣ ಸಿಗುವುದಿಲ್ಲ. ಕೊಳ್ಳುವವರು ಯಾರು, ಎಷ್ಟು ವರ್ಷಕ್ಕೆ ಮಾತು ಕೊಡುತ್ತಾರೆ, ಈ ಮಾರಾಟಗಾರ ಒಲ್ಲೆ ಎಂದರೆ ಇನ್ನೊಬ್ಬನ ಬಳಿ ಹೋಗಬಲ್ಲರೇ ಎಂಬುದನ್ನು ನೋಡಬೇಕು. ನ್ಯುಮೋಕಾಕಲ್ ಲಸಿಕೆಯ ಇಪ್ಪತ್ತು ವರ್ಷಗಳ ಕಥೆಯಲ್ಲಿ ಈ ಮೂರೂ ಪ್ರಶ್ನೆಗಳಿಗೆ ಉತ್ತರವಿದೆ.

ಹಿನ್ನೆಲೆ

ನ್ಯುಮೋಕಾಕಸ್ ಬ್ಯಾಕ್ಟೀರಿಯಾ ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ, ರಕ್ತದ ಸೋಂಕು ತರುತ್ತದೆ. ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ಉಪತಳಿಗಳಿವೆ. ಪ್ರತಿ ಉಪತಳಿಗೂ ತನ್ನದೇ ಆದ ಸಕ್ಕರೆಯ ಹೊದಿಕೆ. ಎರಡು ವರ್ಷದೊಳಗಿನ ಮಗುವಿನ ರೋಗನಿರೋಧಕ ವ್ಯವಸ್ಥೆ ಬರೀ ಸಕ್ಕರೆಯನ್ನು ಗುರುತಿಸಿ ನೆನಪಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಕಟ್ಟಿ ಕೊಡಬೇಕು. ಹದಿಮೂರು ಉಪತಳಿಗಳ ಲಸಿಕೆ ಎಂದರೆ ಹದಿಮೂರು ಬ್ಯಾಕ್ಟೀರಿಯಾಗಳನ್ನು ಬೇರೆಬೇರೆಯಾಗಿ ಬೆಳೆಸಿ, ಹದಿಮೂರು ಸಕ್ಕರೆಗಳನ್ನು ಶುದ್ಧಗೊಳಿಸಿ, ಒಂದೊಂದನ್ನೂ ಪ್ರೋಟೀನಿಗೆ ಜೋಡಿಸಿ, ಪ್ರತಿ ಹಂತದಲ್ಲೂ ಪರೀಕ್ಷಿಸಿ ಕೊನೆಗೆ ಒಟ್ಟಿಗೆ ಬೆರೆಸುವುದು. ಒಂದು ಕಂತು ಸಿದ್ಧವಾಗಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ ಎಂದು ತಯಾರಕರು ಹೇಳುತ್ತಾರೆ. ಅದನ್ನು ಅನುಮಾನಿಸಲು ಕಾರಣವಿಲ್ಲ.

ವೈಯೆತ್ ಕಂಪನಿಯ ಏಳು ಉಪತಳಿಗಳ ಲಸಿಕೆ, ಪ್ರೆವ್ನಾರ್, 2000ದ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆಯಿತು. ಅಲ್ಲಿಯವರೆಗೆ ಲಸಿಕೆ ಎಂದರೆ ಔಷಧ ಕಂಪನಿಗಳಿಗೆ ಪುಣ್ಯದ ಬಾಬತ್ತು, ಲಾಭದ್ದಲ್ಲ. ಪ್ರೆವ್ನಾರ್ ವರ್ಷಕ್ಕೆ ನೂರು ಕೋಟಿ ಡಾಲರ್ ದಾಟಿದ ಮೊದಲ ಲಸಿಕೆಯಾಗಿ ಆ ಲೆಕ್ಕವನ್ನೇ ಬದಲಿಸಿತು. 2009ರಲ್ಲಿ ಫೈಜರ್ ವೈಯೆತ್ ಅನ್ನು ಕೊಂಡಿತು. ಅದೇ ವರ್ಷ ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿಯ ಹತ್ತು ಉಪತಳಿಗಳ ಸಿನ್‌ಫ್ಲೋರಿಕ್ಸ್ ಯುರೋಪಿನಲ್ಲಿ ಒಪ್ಪಿಗೆ ಪಡೆಯಿತು. 2010ರಲ್ಲಿ ಫೈಜರ್ ಹದಿಮೂರು ಉಪತಳಿಗಳ ಪ್ರೆವ್ನಾರ್ 13 ತಂದಿತು. ಅಮೆರಿಕ ಸರ್ಕಾರ ಆಗ ಅದಕ್ಕೆ ಕೊಟ್ಟದ್ದು ಡೋಸ್‌ಗೆ 90 ಡಾಲರ್‌ಗೂ ತುಸು ಹೆಚ್ಚು. ಹತ್ತು ವರ್ಷಗಳ ನಂತರ ಅದು 130 ಡಾಲರ್ ದಾಟಿತ್ತು. ಹಳತಾದಂತೆ ಬೆಲೆ ಇಳಿಯಬೇಕು ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ನಡೆಯಲಿಲ್ಲ.

ಈ ಕಾಯಿಲೆಯಿಂದ ಸಾಯುತ್ತಿದ್ದ ಮಕ್ಕಳಲ್ಲಿ ಬಹುಪಾಲು ಇದ್ದದ್ದು ಈ ಬೆಲೆ ಕೊಡಲಾರದ ದೇಶಗಳಲ್ಲಿ. ಕೊಳ್ಳುವವರಿಲ್ಲ ಎಂದು ಕಂಪನಿ ಕಾರ್ಖಾನೆ ಹಿಗ್ಗಿಸುವುದಿಲ್ಲ, ಕಾರ್ಖಾನೆ ಹಿಗ್ಗದೆ ಬೆಲೆ ಇಳಿಯುವುದಿಲ್ಲ, ಬೆಲೆ ಇಳಿಯದೆ ಕೊಳ್ಳುವವರು ಬರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗೆ.

ಮುಂಗಡ ಭರವಸೆಯ ಪ್ರಯೋಗ

ಈ ಗಂಟನ್ನು ಬಿಡಿಸಲು ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೇಮರ್ ಮತ್ತಿತರರು ಒಂದು ಉಪಾಯ ಸೂಚಿಸಿದ್ದರು. ಕ್ರೇಮರ್‌ಗೆ 2019ರಲ್ಲಿ ನೊಬೆಲ್ ಬಂತು, ಆದರೆ ಅದು ಬೇರೆ ಕೆಲಸಕ್ಕೆ. ಉಪಾಯ ಇಷ್ಟು: ಲಸಿಕೆ ಬರುವ ಮೊದಲೇ ದಾನಿಗಳು ಹಣ ತೆಗೆದಿಟ್ಟು, ಇಂಥ ಗುಣಮಟ್ಟದ ಲಸಿಕೆಯನ್ನು ಬಡ ದೇಶಗಳಿಗೆ ಕೊಟ್ಟರೆ ಇಷ್ಟು ಹಣ ನಿಮಗೆ ಎಂದು ಕಾನೂನುಬದ್ಧವಾಗಿ ಬರೆದುಕೊಡುವುದು. 2007ರ ಫೆಬ್ರುವರಿಯಲ್ಲಿ ರೋಮ್‌ನಲ್ಲಿ ಇದು ಘೋಷಣೆಯಾಯಿತು. ಒಟ್ಟು 150 ಕೋಟಿ ಡಾಲರ್. ಇಟಲಿ 63.5 ಕೋಟಿ, ಬ್ರಿಟನ್ 48.5 ಕೋಟಿ, ಕೆನಡಾ 20 ಕೋಟಿ, ರಷ್ಯಾ 8 ಕೋಟಿ, ನಾರ್ವೆ ಮತ್ತು ಗೇಟ್ಸ್ ಪ್ರತಿಷ್ಠಾನ ತಲಾ 5 ಕೋಟಿ. ನಡೆಸುವ ಹೊಣೆ ಬಡ ದೇಶಗಳಿಗೆ ಲಸಿಕೆ ಕೊಳ್ಳಲು ಹಣದ ನೆರವು ಕೊಡುವ ಗಾವಿ ಲಸಿಕಾ ಒಕ್ಕೂಟಕ್ಕೆ, ಕೊಳ್ಳುವ ಹೊಣೆ ಯುನಿಸೆಫ್‌ಗೆ.

ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಜಗಳವೆಲ್ಲ ಇಲ್ಲಿಯೇ ಹುಟ್ಟಿದ್ದು. ವರ್ಷಕ್ಕೆ 20 ಕೋಟಿ ಡೋಸ್ ಬೇಕು ಎಂಬ ಗುರಿಯಿತ್ತು. ಆ ಗುರಿಯಲ್ಲಿ ಯಾವ ಕಂಪನಿ ಎಷ್ಟು ಪಾಲು ಪೂರೈಸಲು ಒಪ್ಪುತ್ತದೋ ದಾನಿಗಳ ಹಣದಲ್ಲೂ ಅಷ್ಟೇ ಪಾಲು ಅದಕ್ಕೆ. 2010ರ ಮಾರ್ಚ್‌ನಲ್ಲಿ ಫೈಜರ್ ಮತ್ತು ಗ್ಲಾಕ್ಸೋ ತಲಾ ವರ್ಷಕ್ಕೆ 3 ಕೋಟಿ ಡೋಸ್‌ನಂತೆ ಹತ್ತು ವರ್ಷ ಪೂರೈಸಲು ಸಹಿ ಹಾಕಿದವು. ಗುರಿಯ ಶೇ 15, ಹಾಗಾಗಿ ತಲಾ 22.5 ಕೋಟಿ ಡಾಲರ್. ಈ ಹಣ ಮುಗಿಯುವವರೆಗೆ, ಎಂದರೆ ಮೊದಲ ಐದನೇ ಒಂದು ಭಾಗದಷ್ಟು ಡೋಸ್‌ಗಳಿಗೆ, ಬೆಲೆ 7 ಡಾಲರ್. ಅದರಲ್ಲಿ ಅರ್ಧ ದಾನಿಗಳ ಹೆಚ್ಚುವರಿ. ನಂತರದ ಡೋಸ್‌ಗಳಿಗೆ ಗರಿಷ್ಠ 3.50 ಡಾಲರ್.

ನೂರು ಡಾಲರ್‌ನ ವಸ್ತು ಮೂರೂವರೆಗೆ! ಮೊದಲ ನೋಟಕ್ಕೆ ಇದು ಅದ್ಭುತ ಚೌಕಾಸಿ. ಇನ್ನೊಂದು ಬದಿಯಿಂದ ನೋಡಿದರೆ ಎರಡೂ ಲಸಿಕೆಗಳು ಆ ಹೊತ್ತಿಗಾಗಲೇ ಸಿದ್ಧವಾಗಿದ್ದವು. ಸಂಶೋಧನೆಯ ಖರ್ಚನ್ನು ಶ್ರೀಮಂತ ದೇಶಗಳ ಮಾರುಕಟ್ಟೆ ತೀರಿಸುತ್ತಿತ್ತು. ದಾನಿಗಳ ಹಣ ಹೊಸ ಲಸಿಕೆಯನ್ನು ಹುಟ್ಟಿಸಲಿಲ್ಲ, ಕಾರ್ಖಾನೆಯ ಸಾಮರ್ಥ್ಯವನ್ನು ಕೊಂಡಿತು. ಅದೂ ಬೇಕಾದದ್ದೇ. 2010ರ ಡಿಸೆಂಬರ್‌ನಲ್ಲಿ ನಿಕರಾಗುವ, ಮರುವರ್ಷದ ಆರಂಭದಲ್ಲಿ ಕೆನ್ಯಾ ಲಸಿಕೆಯನ್ನು ಶುರು ಮಾಡಿದವು. ಅಮೆರಿಕ ಪ್ರೆವ್ನಾರ್ 13ಕ್ಕೆ ಪರವಾನಗಿ ಕೊಟ್ಟು ಸುಮಾರು ಒಂದು ವರ್ಷವಾಗಿತ್ತು ಅಷ್ಟೆ. ಹಿಂದಿನ ಲಸಿಕೆಗಳಿಗೆ ಬಡ ದೇಶ ತಲುಪಲು ಹದಿನೈದು ಇಪ್ಪತ್ತು ವರ್ಷ ಹಿಡಿದಿತ್ತು. ಇಂಥ ಭರವಸೆಯಿಲ್ಲದೆ ಸಾಗಿದ ರೋಟಾವೈರಸ್ ಲಸಿಕೆಗಿಂತ ನ್ಯುಮೋಕಾಕಲ್ ಲಸಿಕೆ ಗಾವಿ ದೇಶಗಳಲ್ಲಿ ಸುಮಾರು ಐದು ವರ್ಷ ಬೇಗ ಜಾಗತಿಕ ಮಟ್ಟ ತಲುಪಿತು ಎಂದು ಕ್ರೇಮರ್ ಮತ್ತು ಸಂಗಡಿಗರು 2020ರಲ್ಲಿ ಲೆಕ್ಕ ಹಾಕಿದರು. ತಮ್ಮದೇ ಕೂಸನ್ನು ತಾವೇ ತೂಗಿದ್ದು ನಿಜ. ಆದರೂ ಲಸಿಕೆ ಬೇಗ ತಲುಪಿತು ಎಂಬುದರಲ್ಲಿ ತಕರಾರಿಲ್ಲ.

ಚಾವಣಿ ನೆಲವಾದದ್ದು

ತಕರಾರು ಇರುವುದು ನಂತರದ ವರ್ಷಗಳ ಬೆಲೆಯಲ್ಲಿ. 3.50 ಎಂಬುದು ಗರಿಷ್ಠ ಮಿತಿ, ಅದಕ್ಕಿಂತ ಕಡಿಮೆಗೆ ಮಾರಬಾರದೆಂದು ಯಾರೂ ಹೇಳಿರಲಿಲ್ಲ. ಆದರೂ ಬೆಲೆ ಅದರ ಅಕ್ಕಪಕ್ಕದಲ್ಲೇ ಕುಳಿತಿತು. 2013ರ ಸುಮಾರಿಗೆ 3.30, 2017ರಲ್ಲಿ ಗ್ಲಾಕ್ಸೋದ್ದು 3.05, ದಶಕದ ಕೊನೆಗೆ ಫೈಜರ್‌ನದ್ದು 2.90. ಹತ್ತು ವರ್ಷದಲ್ಲಿ ಇಳಿದದ್ದು ಅರವತ್ತು ಸೆಂಟ್.

ಇದನ್ನು ಐದು ರೋಗಗಳ ಸಂಯುಕ್ತ ಲಸಿಕೆಯೊಂದಿಗೆ, ಎಂದರೆ ಪೆಂಟಾವೇಲೆಂಟ್‌ನೊಂದಿಗೆ ಇಟ್ಟು ನೋಡಬೇಕು. ಗಾವಿ ಶುರುವಾದಾಗ ಅದನ್ನು ಮಾರುತ್ತಿದ್ದದ್ದು ಗ್ಲಾಕ್ಸೋ ಒಂದೇ, ಬೆಲೆ ಮೂರೂವರೆ ಡಾಲರ್ ಆಸುಪಾಸು. ಮುಂದೆ ಕ್ರುಸೆಲ್, ಶಾಂತಾ, ಪ್ಯಾನೇಸಿಯಾ, ಸೀರಮ್ ಇನ್‌ಸ್ಟಿಟ್ಯೂಟ್, ಬಯಾಲಜಿಕಲ್ ಇ ಕಂಪನಿಗಳು ಒಂದೊಂದಾಗಿ ಬಂದವು. 2016ರಲ್ಲಿ ಯುನಿಸೆಫ್ ಮುಂದಿನ ಮೂರು ವರ್ಷಗಳಿಗೆ ಸರಾಸರಿ 84 ಸೆಂಟ್‌ಗೆ ಒಪ್ಪಂದ ಮಾಡಿಕೊಂಡಿತು. ಅದೇ ಯುನಿಸೆಫ್, ಅದೇ ಗಾವಿ, ಬಹುತೇಕ ಅದೇ ದೇಶಗಳು. ಒಂದರಲ್ಲಿ ಬೆಲೆ ನಾಲ್ಕನೇ ಒಂದು ಭಾಗಕ್ಕೆ ಬಿತ್ತು, ಇನ್ನೊಂದರಲ್ಲಿ ಕದಲಲಿಲ್ಲ. ಖರೀದಿದಾರನ ಗಾತ್ರ ದೊಡ್ಡದಿದ್ದರೆ ಸಾಕು ಎನ್ನುವವರು ಈ ಎರಡು ಸಾಲುಗಳನ್ನು ಒಟ್ಟಿಗೆ ಓದಬೇಕು.

ನ್ಯುಮೋಕಾಕಲ್‌ನಲ್ಲಿ ಇದ್ದದ್ದು ಇಬ್ಬರೇ ಮಾರಾಟಗಾರರು. ಅವರೂ ಪೂರ್ತಿ ಎದುರಾಳಿಗಳಲ್ಲ. ಹತ್ತು ಉಪತಳಿ ಹಾಕುತ್ತಿದ್ದ ದೇಶ ನಾಳೆಯೇ ಹದಿಮೂರಕ್ಕೆ ಹಾರುವುದಿಲ್ಲ, ದಾಖಲೆ, ತರಬೇತಿ, ಶೀತಲ ಪೆಟ್ಟಿಗೆಯ ಜಾಗ ಎಲ್ಲ ಬದಲಾಗಬೇಕು. ಮೇಲಾಗಿ ಆರಂಭದ ವರ್ಷಗಳಲ್ಲಿ ಬೇಡಿಕೆಯೇ ಪೂರೈಕೆಗಿಂತ ಹೆಚ್ಚಾಗಿ ಹಲವು ದೇಶಗಳು ಕಾದು ಕುಳಿತವು. ಸರದಿಯಲ್ಲಿ ನಿಂತವನು ಬೆಲೆ ಕೇಳಬಹುದೇ ಹೊರತು ಬೆಲೆ ಇಳಿಸಲಾರ.

ಸೀಸೆಯ ಗಾತ್ರವೂ ಬೆಲೆಯೇ

ಖರೀದಿ ಕಚೇರಿಯ ಬೆಲೆಪಟ್ಟಿಯಲ್ಲಿ ತಯಾರಕನ ಹೆಸರಿನ ಪಕ್ಕದಲ್ಲಿ ಸೀಸೆಗೆ ಎಷ್ಟು ಡೋಸ್ ಎಂಬ ಒಂದು ಸಣ್ಣ ಕಲಂ ಇರುತ್ತದೆ. ಹೊರಗಿನವರ ಕಣ್ಣು ಅದರ ಮೇಲೆ ಬೀಳುವುದಿಲ್ಲ. ಗ್ಲಾಕ್ಸೋ ಮೊದಲು ಆಫ್ರಿಕಕ್ಕೆ ಕಳಿಸಿದ್ದು ಎರಡು ಡೋಸ್‌ಗಳ ಸೀಸೆ, ಸಂರಕ್ಷಕವಿಲ್ಲದ್ದು. ಒಂದು ಮಗುವಿಗೆ ಚುಚ್ಚಿ ಸೀಸೆ ತೆರೆದ ಮೇಲೆ ಆರು ಗಂಟೆಯೊಳಗೆ ಎರಡನೇ ಮಗು ಬರಬೇಕು, ಬರದಿದ್ದರೆ ಉಳಿದದ್ದನ್ನು ಚೆಲ್ಲಬೇಕು. ಬೇರೆ ಲಸಿಕೆಗಳ ತೆರೆದ ಸೀಸೆಯನ್ನು ಮರುದಿನಕ್ಕೆ ಇಟ್ಟು ಅಭ್ಯಾಸವಾಗಿದ್ದ ದಾದಿಯರು ಇದನ್ನೂ ಹಾಗೆಯೇ ಇಟ್ಟರೆ ಸೋಂಕಿನ ಅಪಾಯ. ಹಾಗಾಗಿ ಬಳಕೆಗೆ ಮುನ್ನ ವಿಶೇಷ ತರಬೇತಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಷರತ್ತು ಹಾಕಿತು. ಆ ತರಬೇತಿಯ ಖರ್ಚು ಲಸಿಕೆಯ ಬೆಲೆಯಲ್ಲಿ ಕಾಣುವುದಿಲ್ಲ.

ಫೈಜರ್‌ನದ್ದು ಒಂದೇ ಡೋಸ್‌ನ ಸೀಸೆ. ವ್ಯರ್ಥವಾಗುವುದಿಲ್ಲ, ಆದರೆ ಫ್ರಿಜ್ ತುಂಬಿಹೋಗುತ್ತದೆ. ಜಿಲ್ಲಾ ಉಗ್ರಾಣದಲ್ಲಿ ಹೊಸ ಶೀತಲ ಪೆಟ್ಟಿಗೆ ಕೊಳ್ಳಬೇಕಾಗಿ ಬಂದರೆ ಆ ಖರ್ಚೂ ಸರ್ಕಾರದ್ದೇ. ಮುಂದೆ ಎರಡೂ ಕಂಪನಿಗಳು ಸಂರಕ್ಷಕ ಸೇರಿಸಿದ ನಾಲ್ಕು ಡೋಸ್‌ಗಳ ಸೀಸೆ ತಂದವು. ತೆರೆದ ಮೇಲೂ ನಾಲ್ಕು ವಾರ ಇಡಬಹುದಾದ್ದು. ಜಾಗ ಉಳಿಯಿತು, ಗಾಜು ಉಳಿಯಿತು. 2017ರಿಂದ ಫೈಜರ್ ಡೋಸ್‌ನ ಬೆಲೆಯನ್ನು 3.10ಕ್ಕೆ ಇಳಿಸಿದ್ದು ಈ ಸೀಸೆಗೇ. ನನ್ನ ಮಟ್ಟಿಗೆ ಈ ದಶಕದ ನಿಜವಾದ ಉಳಿತಾಯದ ಒಂದು ಪಾಲು ಮಾತುಕತೆಯ ಮೇಜಿನಲ್ಲಿ ಆದದ್ದಲ್ಲ, ಈ ಸೀಸೆಯಲ್ಲಿ ಆದದ್ದು.

ನಡುವೆ ಸಿಕ್ಕಿಕೊಂಡವರು

ಇಲ್ಲಿಯವರೆಗೆ ಹೇಳಿದ್ದು ತೀರಾ ಬಡ ದೇಶಗಳ ಕಥೆ. ಅವುಗಳ ಸರ್ಕಾರಗಳು ನಿಜವಾಗಿ ಕೊಡುತ್ತಿದ್ದದ್ದು ಮೂರೂವರೆ ಡಾಲರ್ ಕೂಡ ಅಲ್ಲ, ಡೋಸ್‌ಗೆ 20 ಸೆಂಟ್ ಮಾತ್ರ. ಉಳಿದದ್ದು ಗಾವಿಯದು. ದೇಶದ ತಲಾ ಆದಾಯ ಏರಿದಂತೆ ಅದರ ಪಾಲೂ ಏರಿ ಕೊನೆಗೆ ಗಾವಿಯ ನೆರವು ನಿಲ್ಲುತ್ತದೆ. ಆಗ ಬೆಲೆ ಏನಾಗಬೇಕು ಎಂಬ ಭಯ 2015ರ ಹೊತ್ತಿಗೆ ದೊಡ್ಡದಾಗಿ, ಗ್ಲಾಕ್ಸೋ ಹತ್ತು ವರ್ಷ, ಫೈಜರ್ 2025ರವರೆಗೆ ನೆರವಿನಿಂದ ಹೊರಬಂದ ದೇಶಗಳಿಗೆ ಗಾವಿಯ ದರವನ್ನೇ ಮುಂದುವರಿಸುವ ಮಾತು ಕೊಟ್ಟವು.

ಗಾವಿಯ ಬಾಗಿಲೊಳಗೆ ಎಂದೂ ಕಾಲಿಡದ ಮಧ್ಯಮ ಆದಾಯದ ದೇಶಗಳಿಗೆ ಇಂಥ ಮಾತೂ ಇರಲಿಲ್ಲ. ಮೊರಾಕ್ಕೊ ಮತ್ತು ಟ್ಯುನೀಸಿಯ ಈ ಲಸಿಕೆಗೆ ಫ್ರಾನ್ಸ್‌ಗಿಂತ ಹೆಚ್ಚು ಕೊಡುತ್ತಿವೆ ಎಂದು ಗಡಿಗಳಿಲ್ಲದ ವೈದ್ಯರ ಸಂಸ್ಥೆ 2015ರಲ್ಲಿ ತೋರಿಸಿತು. ಒಂದು ಮಗುವಿಗೆ ಎಲ್ಲ ಲಸಿಕೆ ಹಾಕಿಸುವ ಖರ್ಚು 2001ರಲ್ಲಿ 67 ಸೆಂಟ್ ಇದ್ದದ್ದು 2014ರಲ್ಲಿ 45.59 ಡಾಲರ್ ಆಗಿದೆ, 68 ಪಟ್ಟು ಏರಿದೆ ಎಂಬ ಅದೇ ವರದಿಯ ಸಂಖ್ಯೆ ಹೆಚ್ಚು ಸುದ್ದಿಯಾಯಿತು. ಆ ಸಂಖ್ಯೆ ನನಗೆ ಅಷ್ಟು ಒಪ್ಪಿಗೆಯಿಲ್ಲ. ಆ ಅವಧಿಯಲ್ಲಿ ಪಟ್ಟಿಗೆ ಹೊಸ ಲಸಿಕೆಗಳೇ ಸೇರಿದ್ದವು, ಹಳೆಯವು ತುಟ್ಟಿಯಾದದ್ದಷ್ಟೇ ಅಲ್ಲ. ಮೊರಾಕ್ಕೊದ ಸಾಲು ಅದಕ್ಕಿಂತ ಹೆಚ್ಚು ಕುಟುಕುತ್ತದೆ. ಚಿಕ್ಕ ದೇಶ ಒಂಟಿಯಾಗಿ, ವರ್ಷದಿಂದ ವರ್ಷಕ್ಕೆ, ನೆರೆಯವನು ಎಷ್ಟು ಕೊಟ್ಟ ಎಂದು ತಿಳಿಯದೆ ಟೆಂಡರ್ ಕರೆದರೆ ಹೀಗಾಗುತ್ತದೆ. ಒಪ್ಪಂದಗಳಲ್ಲಿ ಗೋಪ್ಯತೆಯ ಕಲಂ ಇರುವುದೇ ಇದಕ್ಕೆ. ಯುನಿಸೆಫ್ 2011ರಲ್ಲಿ ಕಂಪನಿವಾರು ದರಗಳನ್ನು ಬಹಿರಂಗಪಡಿಸಿದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆ ದೇಶಗಳಿಂದ ದರ ಸಂಗ್ರಹಿಸತೊಡಗಿದ ಮೇಲೆ ಕತ್ತಲು ಸ್ವಲ್ಪ ಸರಿಯಿತು.

ಹಾಗಾದರೆ ಒಟ್ಟಾಗಿ ಕೊಂಡರೆ? ಲ್ಯಾಟಿನ್ ಅಮೆರಿಕದ ದೇಶಗಳು 1970ರ ದಶಕದ ಕೊನೆಯಿಂದಲೇ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆಯ ಆವರ್ತ ನಿಧಿಯ ಮೂಲಕ ಒಟ್ಟಿಗೆ ಲಸಿಕೆ ಕೊಳ್ಳುತ್ತಿವೆ. ನಮಗಿಂತ ಕಡಿಮೆ ದರಕ್ಕೆ ಬೇರಾರಿಗೂ ಮಾರಬಾರದು ಎಂಬುದು ಅದರ ಹಳೆಯ ಷರತ್ತು. ಗಾವಿಯ 3.50 ಬಂದಾಗ ಈ ಷರತ್ತು ಅಡ್ಡಬಂತು. ಆ ದರವನ್ನು ಲ್ಯಾಟಿನ್ ಅಮೆರಿಕಕ್ಕೂ ಕೊಡಬೇಕೆಂದರೆ ಕಂಪನಿಗಳು ಗಾವಿಗೇ ಕೊಡುವುದಿಲ್ಲ. ಕೊನೆಗೆ ನಿಧಿಯು ವಿನಾಯಿತಿ ಕೊಟ್ಟು, ತಾನು ಹನ್ನೆರಡರಿಂದ ಹದಿನಾರು ಡಾಲರ್ ನಡುವಿನ ದರಗಳಲ್ಲಿ ಕೊಳ್ಳುತ್ತಾ ಹೋಯಿತು. ಗಾವಿಗಿಂತ ನಾಲ್ಕು ಪಟ್ಟು. ನಲವತ್ತು ದೇಶಗಳಷ್ಟು ದೊಡ್ಡ ಗುಂಪಿನ ಮುಂದೆಯೂ ಕಂಪನಿ ನೋಡಿದ್ದು ಚೀಲ ಎಷ್ಟು ದೊಡ್ಡದು ಎಂದಲ್ಲ, ಅದರೊಳಗೆ ಎಷ್ಟಿದೆ ಎಂದು. ಬಡವನಿಗೊಂದು, ಉಳ್ಳವನಿಗೊಂದು ದರ ಎಂಬುದನ್ನು ಅರ್ಥಶಾಸ್ತ್ರಜ್ಞರು ನ್ಯಾಯವೆಂದೇ ಸಮರ್ಥಿಸುತ್ತಾರೆ. ಅದು ಸರಿ ಎನ್ನೋಣ. ಆದರೆ ಶ್ರೇಣಿಯ ಮೆಟ್ಟಿಲುಗಳನ್ನು ಕೊರೆಯುವವನು ಮಾರಾಟಗಾರನೊಬ್ಬನೇ ಆದರೆ ಮೊರಾಕ್ಕೊ ಫ್ರಾನ್ಸ್‌ಗಿಂತ ಮೇಲಿನ ಮೆಟ್ಟಿಲಲ್ಲಿ ನಿಂತಿರುತ್ತದೆ.

ಪುಕ್ಕಟೆ ಬೇಡ ಎಂದವರು

2015ರಲ್ಲಿ ಗಡಿಗಳಿಲ್ಲದ ವೈದ್ಯರು ಪ್ರಚಾರಾಂದೋಲನ ಶುರು ಮಾಡಿ, ಮಗುವಿನ ಮೂರೂ ಡೋಸ್‌ಗೆ ಸೇರಿ 5 ಡಾಲರ್‌ಗೆ ಇಳಿಸಿ ಎಂದರು. ಮರುವರ್ಷ ಫೈಜರ್ ಹತ್ತು ಲಕ್ಷ ಡೋಸ್ ಪುಕ್ಕಟೆ ಕೊಡಲು ಮುಂದೆ ಬಂದಾಗ ಅವರು ಬೇಡವೆಂದರು. ಸಾಯುತ್ತಿರುವ ಮಕ್ಕಳ ನಡುವೆ ಕೆಲಸ ಮಾಡುವವರು ಲಸಿಕೆಯನ್ನು ನಿರಾಕರಿಸುವುದೇ ಎಂದು ಹಲವರು ಹುಬ್ಬೇರಿಸಿದರು. ಅವರ ವಾದ ನೇರವಾಗಿತ್ತು: ದಾನ ಎಷ್ಟು, ಎಲ್ಲಿ, ಎಂದಿನವರೆಗೆ ಎಂಬುದು ಕೊಡುವವನ ಮರ್ಜಿ. ದಾನ ಪಡೆದವನು ಬೆಲೆಯ ಬಗ್ಗೆ ಮಾತಾಡುವ ಹಕ್ಕು ಕಳೆದುಕೊಳ್ಳುತ್ತಾನೆ. ಪುಕ್ಕಟೆ ಬರುವಲ್ಲಿ ಹೊಸ ತಯಾರಕ ಕಾಲಿಡುವುದೂ ಇಲ್ಲ. ನಿರಾಕರಿಸಿದ ಕೆಲವೇ ವಾರಗಳಲ್ಲಿ ಫೈಜರ್ ನೆರವು ಸಂಸ್ಥೆಗಳಿಗೂ ಕಡಿಮೆ ದರ ಪ್ರಕಟಿಸಿತು. 2017ರಲ್ಲಿ ತುರ್ತು ಸನ್ನಿವೇಶಗಳಿಗಾಗಿ ಪ್ರತ್ಯೇಕ ಖರೀದಿ ವ್ಯವಸ್ಥೆಯೂ ಬಂತು. 60 ಯೂರೋ ಕೊಟ್ಟು ಅಂಗಡಿಯಲ್ಲಿ ಕೊಂಡ ಗ್ರೀಸ್‌ನ ಆ ಬಿಲ್ಲು ಇದರಲ್ಲಿ ತನ್ನ ಕೆಲಸ ಮಾಡಿದೆ ಎಂದೇ ನನ್ನ ಎಣಿಕೆ.

ಮೂರನೆಯವನ ಪ್ರವೇಶ

ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಅಮೆರಿಕದ ಲಾಭರಹಿತ ಆರೋಗ್ಯ ಸಂಸ್ಥೆ ಪಾತ್‌ನ ಜೊತೆ, ಗೇಟ್ಸ್ ಪ್ರತಿಷ್ಠಾನದ ಹಣದ ನೆರವಿನಿಂದ ಈ ಲಸಿಕೆಯ ಕೆಲಸ ಶುರು ಮಾಡಿದ್ದು 2008ರ ಸುಮಾರಿಗೆ. ಮುಗಿದದ್ದು 2019ರ ಡಿಸೆಂಬರ್‌ನಲ್ಲಿ, ನ್ಯುಮೋಸಿಲ್ ಎಂಬ ಅದರ ಹತ್ತು ಉಪತಳಿಗಳ ಲಸಿಕೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ, ಎಂದರೆ ಯುನಿಸೆಫ್‌ನಂಥವರು ಕೊಳ್ಳಲು ಬೇಕಾದ ಗುಣಮಟ್ಟದ ಒಪ್ಪಿಗೆ, ಪಡೆದಾಗ. ಹನ್ನೊಂದು ವರ್ಷ ಏಕೆ ಬೇಕಾಯಿತು ಎಂಬುದರಲ್ಲೇ ಬೆಲೆ ಅಷ್ಟು ಕಾಲ ಅಲುಗಾಡದಿದ್ದುದರ ಗುಟ್ಟಿದೆ. ಹತ್ತು ಸಕ್ಕರೆಗಳನ್ನು ಪ್ರೋಟೀನಿಗೆ ಕಟ್ಟುವ ವಿಧಾನವನ್ನು ಹೊಸದಾಗಿ ಪಳಗಿಸಬೇಕು. ಲಸಿಕೆ ಈಗಾಗಲೇ ಬಳಕೆಯಲ್ಲಿರುವಾಗ ಮಕ್ಕಳಿಗೆ ಖಾಲಿ ಚುಚ್ಚುಮದ್ದು ಕೊಟ್ಟು ಹೋಲಿಸುವಂತಿಲ್ಲ. ಇರುವ ಲಸಿಕೆಗಿಂತ ಇದು ಕಡಿಮೆಯಿಲ್ಲ ಎಂದು ಗ್ಯಾಂಬಿಯಾದಲ್ಲಿ ಶಿಶುಗಳ ರಕ್ತ ಪರೀಕ್ಷಿಸಿ ತೋರಿಸಬೇಕಾಯಿತು.

ಪೇಟೆಂಟ್ ಬೇರೆ. ಹದಿಮೂರು ಉಪತಳಿಗಳ ಸಂಯೋಜನೆಗೆ ಫೈಜರ್ ಪಡೆದ ಪೇಟೆಂಟನ್ನು ಭಾರತ 2017ರಲ್ಲಿ ಮಾನ್ಯ ಮಾಡಿತು. ದಕ್ಷಿಣ ಕೊರಿಯದಲ್ಲಿ ಎಸ್‌ಕೆ ಕಂಪನಿ ತನ್ನ ಹದಿಮೂರು ಉಪತಳಿಗಳ ಲಸಿಕೆಗೆ 2016ರಲ್ಲೇ ಪರವಾನಗಿ ಪಡೆದರೂ ನ್ಯಾಯಾಲಯದಲ್ಲಿ ಸೋತು ಅದನ್ನು ಕಪಾಟಿನಲ್ಲಿಟ್ಟಿತು. ಸೀರಮ್ ಹತ್ತರಲ್ಲೇ ನಿಂತಿತು. ಆದರೆ ಆ ಹತ್ತನ್ನು ಆಫ್ರಿಕ ಮತ್ತು ಏಷ್ಯಾದಲ್ಲಿ ಹೆಚ್ಚು ಕಾಡುವ ಉಪತಳಿಗಳನ್ನು ನೋಡಿ ಆರಿಸಿಕೊಂಡಿತು. ಗ್ಲಾಕ್ಸೋದ ಹತ್ತರಲ್ಲಿ ಇಲ್ಲದ 6ಎ ಮತ್ತು 19ಎ ಇದರಲ್ಲಿವೆ.

2020ರ ಜೂನ್‌ನಲ್ಲಿ ಮುಂಗಡ ಭರವಸೆಯ ನಿಧಿಯಲ್ಲಿ ಉಳಿದಿದ್ದ 7.5 ಕೋಟಿ ಡಾಲರ್ ಪಾಲಿನೊಂದಿಗೆ ಸೀರಮ್ ಒಪ್ಪಂದಕ್ಕೆ ಬಂತು. ವರ್ಷಕ್ಕೆ ಒಂದು ಕೋಟಿ ಡೋಸ್, ಹತ್ತು ವರ್ಷ, ಬಹುಡೋಸ್ ಸೀಸೆಯಲ್ಲಿ ಡೋಸ್‌ಗೆ 2 ಡಾಲರ್. ಹತ್ತು ವರ್ಷದ ಮಾತುಕತೆ, ಆಂದೋಲನ, ವರದಿಗಳು ಸೇರಿ ಇಳಿಸಿದ್ದು 60 ಸೆಂಟ್. ಮೂರನೆಯ ಮಾರಾಟಗಾರ ಬಂದ ದಿನವೇ 90 ಸೆಂಟ್ ಇಳಿಯಿತು. ಮಗುವಿಗೆ ಮೂರು ಡೋಸ್ ಎಂದರೆ 6 ಡಾಲರ್, ಆಂದೋಲನದವರು ಕೇಳಿದ್ದಕ್ಕಿಂತ ಒಂದೇ ಡಾಲರ್ ಹೆಚ್ಚು. ಭಾರತ 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲವು ಭಾಗಗಳಲ್ಲಿ ಶುರು ಮಾಡಿ ಹಂತಹಂತವಾಗಿ ತೆವಳುತ್ತಿದ್ದ ಕಾರ್ಯಕ್ರಮವನ್ನು 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ವರ್ಷಕ್ಕೆ ಎರಡೂವರೆ ಕೋಟಿಯಷ್ಟು ಮಕ್ಕಳು ಹುಟ್ಟುವ ದೇಶಕ್ಕೆ ಡೋಸ್‌ನ ಮೇಲಿನ ಒಂದೊಂದು ಡಾಲರ್ ಎಂದರೆ ವರ್ಷಕ್ಕೆ ಏಳೂವರೆ ಕೋಟಿ ಡಾಲರ್‌ನಷ್ಟು.

ಮುಂಗಡ ಭರವಸೆಯನ್ನು ರೂಪಿಸಿದವರು ಇದನ್ನು ಊಹಿಸಿರಲಿಲ್ಲವೇ? ಊಹಿಸಿದ್ದರು, ಹಾಗಾಗಿಯೇ ಒಂದಿಷ್ಟು ಹಣ ಕೊನೆಯವರೆಗೆ ಉಳಿದಿತ್ತು. ಆದರೆ ದೊಡ್ಡ ಪಾಲು ಮೊದಲು ಬಂದವರಿಗೆ ಹೋಯಿತು. ಆ ಹಣದ ಇನ್ನೊಂದು ತುಂಡನ್ನು 2007ರಲ್ಲೇ ಮೂರನೆಯ, ನಾಲ್ಕನೆಯ ತಯಾರಕರ ಕಾರ್ಖಾನೆಗೆ ಎತ್ತಿಟ್ಟಿದ್ದರೆ ಎರಡು ಡಾಲರ್ ದರ ಕೆಲವು ವರ್ಷ ಮೊದಲೇ ಬರುತ್ತಿತ್ತು ಎಂದು ನನಗನ್ನಿಸುತ್ತದೆ. ಲಸಿಕೆ ಬೇಗ ತಲುಪುವುದಕ್ಕಾಗಿ ಬೆಲೆಯನ್ನು ತಡವಾಗಿ ಇಳಿಸಿದರು. ಆ ಹತ್ತು ವರ್ಷದಲ್ಲಿ ಲಸಿಕೆ ಪಡೆದ ಮಗುವಿನ ತಾಯಿಗೆ ಈ ವ್ಯಾಪಾರದಲ್ಲಿ ತಕರಾರಿರಲಾರದು. ಕಾದು ಕುಳಿತ ಮಧ್ಯಮ ಆದಾಯದ ದೇಶದವಳಿಗೆ ಇದ್ದೀತು.

ಈ ನಡುವೆ ಬ್ರಿಟನ್ ಇನ್ನೊಂದು ದಾರಿ ಹಿಡಿಯಿತು. 2020ರ ಜನವರಿಯಿಂದ ಹುಟ್ಟಿದ ಮಕ್ಕಳಿಗೆ ಮೂರರ ಬದಲು ಎರಡೇ ಡೋಸ್, ಆಗಿನ ಪಟ್ಟಿಯಂತೆ ಮೂರು ತಿಂಗಳು ತುಂಬುವಾಗ ಒಂದು, ವರ್ಷ ತುಂಬಿದಾಗ ಒಂದು. ಯಾರೊಂದಿಗೂ ಚೌಕಾಸಿ ಮಾಡದೆ ಮಗುವಿನ ಲೆಕ್ಕದಲ್ಲಿ ಮೂರನೇ ಒಂದು ಭಾಗ ಉಳಿಯಿತು. ಆದರೆ ಹಾಗೆ ಮಾಡಲು ಅಲ್ಲಿ ವರ್ಷಗಟ್ಟಲೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಲಸಿಕೆ ಬಿದ್ದು ಬ್ಯಾಕ್ಟೀರಿಯಾದ ಓಡಾಟವೇ ತಗ್ಗಿತ್ತು. ಹತ್ತರಲ್ಲಿ ಐದಾರು ಮಕ್ಕಳನ್ನಷ್ಟೇ ತಲುಪುತ್ತಿರುವ ದೇಶ ಈ ಉಳಿತಾಯಕ್ಕೆ ಕೈಹಾಕುವ ಮೊದಲು ಉಳಿದ ಮಕ್ಕಳಿಗಾಗಿ ಇನ್ನಷ್ಟು ಡೋಸ್ ಕೊಳ್ಳಬೇಕು, ಅಂದಿನ ದರದಲ್ಲೇ.